ಕಾಣದ ಮಳೆಯನ್ನು ನಂಬುವುದು

ಹೊಳೆ ತುಂಬಿತು ಎನ್ನುವುದಕ್ಕಿಂತ ‘ಹೊಳೆ ಬಂತು’ ಎನ್ನುವುದೇ ನಮ್ಮ ಹಳ್ಳಿಗಳ ರೂಢಿ. ನೀರು ಇದ್ದಲ್ಲೇ ಏರಲಿಲ್ಲ, ಎಲ್ಲಿಂದಲೋ ಹೊರಟು ಇಲ್ಲಿಗೆ ತಲುಪಿತು ಎಂಬ ತಿಳಿವಳಿಕೆ ಆ ಒಂದು ಕ್ರಿಯಾಪದದಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗೆ ಇದಕ್ಕಿಂತ ಸರಿಯಾದ ಮಾತು ಸಿಗದು. ಇಲ್ಲಿನ ದೊಡ್ಡ ಹೊಳೆಗಳೆಲ್ಲ ಬೇರೆಡೆ ಹುಟ್ಟಿ ಇಲ್ಲಿ ಹಾಯುವಂಥವು. ಲಕ್ಷ್ಮಣತೀರ್ಥ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹನಗೋಡು ದಾಟಿ ಹುಣಸೂರು ಪೇಟೆಯನ್ನು ಸೀಳಿಕೊಂಡು ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ಕಾವೇರಿ ತಲಕಾವೇರಿಯಿಂದ ಇಳಿದು ಪಿರಿಯಾಪಟ್ಟಣದ ಗಡಿ ಸವರಿ ಚುಂಚನಕಟ್ಟೆಯ ಬಂಡೆಗಳ ಮೇಲೆ ಬೀಳುತ್ತದೆ. ಕಪಿಲೆ ವಯನಾಡಿನ ಪನಮರಂ, ಮಾನಂದವಾಡಿ ಹೊಳೆಗಳು ಕೂಡಿ ಆದದ್ದು, ಎಚ್.ಡಿ. ಕೋಟೆಗೆ ಕಾಲಿಡುವ ಹೊತ್ತಿಗೆ ಬೆಟ್ಟಸೀಮೆಯ ಮಳೆಯನ್ನೆಲ್ಲ ಹೊತ್ತು ತಂದಿರುತ್ತದೆ. ಭಾಗಮಂಡಲದ ಸುತ್ತ ವರ್ಷಕ್ಕೆ ೫,೦೦೦ ಮಿಲಿಮೀಟರ್ ದಾಟುವ ಮಳೆ, ಹುಣಸೂರಿನಲ್ಲಿ, ಕೆ.ಆರ್. ನಗರದಲ್ಲಿ ಅದರ ಐದನೇ ಒಂದು ಪಾಲೂ ಇಲ್ಲ. ಹಾಗಾಗಿ ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ ಹೊಗೆಸೊಪ್ಪಿನ ಹೊಲದಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಹನಗೋಡಿನ ಕಟ್ಟೆಯ ಮೇಲೆ ಕೆನ್ನೀರು ಉಕ್ಕುವುದುಂಟು. ಸಾಯುವವನ ನೆತ್ತಿಯ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ.

ಹಠಾತ್ ಪ್ರವಾಹವನ್ನು ಕುರಿತ ಮಾತು ಸಾಮಾನ್ಯವಾಗಿ ಎರಡು ದಾರಿಯಲ್ಲಿ ಸಾಗುತ್ತದೆ. ಒಂದು ದೈವದ ದಾರಿ: ತಾಯಿ ಮುನಿದಳು, ಹಣೆಯಲ್ಲಿ ಬರೆದದ್ದು ತಪ್ಪೀತೇ. ಇನ್ನೊಂದು ಇಲಾಖೆಯ ದಾರಿ: ರೆಡ್ ಅಲರ್ಟ್, ಸೈರನ್, ಕಾಳಜಿ ಕೇಂದ್ರ. ಇವೆರಡಕ್ಕೂ ಸಂಬಂಧವಿಲ್ಲ ಎಂಬಂತೆ, ಒಂದನ್ನು ಹಿಡಿದವರು ಇನ್ನೊಂದನ್ನು ಬಿಡಲೇಬೇಕು ಎಂಬಂತೆ ನಾವು ನಡೆದುಕೊಳ್ಳುತ್ತೇವೆ. ನನ್ನ ವಾದ ಬೇರೆ. ನೆರೆಯಿಂದ ಉಳಿದುಕೊಳ್ಳುವುದು ಮೂಲತಃ ನಂಬಿಕೆಯ ಪ್ರಶ್ನೆ. ಕಣ್ಣೆದುರಿಗೆ ಹೊಳೆ ಶಾಂತವಾಗಿದೆ, ಆಕಾಶ ತಿಳಿಯಾಗಿದೆ. ಆದರೂ ನಲವತ್ತು ಮೈಲಿ ಆಚೆ ಬಿದ್ದ ಮಳೆಯನ್ನು ನಂಬಿ ಮನೆ ಬಿಟ್ಟು ಏಳಬೇಕು. ಕಾಣದ್ದನ್ನು ಯಾವ ಆಧಾರದ ಮೇಲೆ ನಂಬಬೇಕು ಎಂಬುದು ಧರ್ಮದ ಅತ್ಯಂತ ಹಳೆಯ ಪ್ರಶ್ನೆ. ಕಾಣದ ದೇವರನ್ನು ನಂಬಿ ಬದುಕು ಕಟ್ಟಿಕೊಂಡ ಜನಕ್ಕೆ ಕಾಣದ ಮಳೆಯನ್ನು ನಂಬುವುದು ಕಷ್ಟವಾಗಬಾರದು. ಶ್ರದ್ಧಾವಂತನೇ ಎಲ್ಲರಿಗಿಂತ ಮೊದಲು ಹೊಳೆಯಿಂದ ಮೇಲೇರಬೇಕು; ಏರದಿದ್ದರೆ ಕುಂದು ಅವನ ಶ್ರದ್ಧೆಯಲ್ಲಿಯೇ ಇದೆ.

ಇದು ನಾನು ಹೊಸದಾಗಿ ಹೊಸೆದ ಮಾತಲ್ಲ. ಭಾರತೀಯ ತರ್ಕಶಾಸ್ತ್ರ ತನ್ನ ಬುಡದಲ್ಲೇ ಒಂದು ತುಂಬಿದ ಹೊಳೆಯನ್ನು ಇಟ್ಟುಕೊಂಡಿದೆ. ಅಕ್ಷಪಾದ ಗೌತಮನ ನ್ಯಾಯಸೂತ್ರಗಳು ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಬಗೆಯನ್ನು, ಮೂರು ವಿಧವಾಗಿ ವಿಂಗಡಿಸುತ್ತವೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಅದಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಮೊದಲನೆಯದಕ್ಕೆ ಕೊಟ್ಟ ಉದಾಹರಣೆ ಮೋಡ ಏರಿದ್ದನ್ನು ಕಂಡು ಮಳೆ ಬರುತ್ತದೆಂದು ತಿಳಿಯುವುದು. ಎರಡನೆಯದಕ್ಕೆ ಕೊಟ್ಟದ್ದು ಹೊಳೆಯ ನೀರು ಮೊದಲಿನಂತಿಲ್ಲದೆ ತುಂಬಿ ರಭಸವಾಗಿ ಹರಿಯುವುದನ್ನು ಕಂಡು ಮೇಲ್ಗಡೆ ಮಳೆಯಾಗಿದೆ ಎಂದು ತಿಳಿಯುವುದು. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ಉದಾಹರಣೆ ನಮ್ಮಲ್ಲಿ ಹೆಚ್ಚು ಪ್ರಸಿದ್ಧ. ಹೊಳೆಯದು ಪಾಠಶಾಲೆಗಳಲ್ಲೇ ಉಳಿದುಬಿಟ್ಟಿತು. ಹೊಗೆ ಬೆಂಕಿಗಳ ಉದಾಹರಣೆ ಬುದ್ಧಿಯ ಕಸರತ್ತಿಗೆ ಸಾಕು. ಹೊಳೆಯ ಉದಾಹರಣೆಯಲ್ಲಿ ಜೀವ ಪಣಕ್ಕಿದೆ.

ಅಷ್ಟಕ್ಕೇ ಆ ಗ್ರಂಥ ನಿಲ್ಲುವುದಿಲ್ಲ. ಎರಡನೇ ಅಧ್ಯಾಯದಲ್ಲಿ ಒಬ್ಬ ಎದುರುವಾದಿ ಏಳುತ್ತಾನೆ. ಹೊಳೆ ತುಂಬಿದ್ದು ಮಳೆಯಿಂದಲೇ ಎಂದು ಹೇಗೆ ಹೇಳುತ್ತೀರಿ, ಯಾರೋ ಅಡ್ಡಗಟ್ಟಿದ್ದರೂ ನೀರು ಏರಬಹುದಲ್ಲ? ಇರುವೆ ಮೊಟ್ಟೆ ಹೊತ್ತು ಸಾಗಿತೆಂದರೆ ಮಳೆ ಬಂತೆನ್ನುತ್ತೀರಿ, ಗೂಡು ಕೆಟ್ಟಿದ್ದರೂ ಅದು ಹಾಗೆಯೇ ಸಾಗುತ್ತದಲ್ಲ? ನವಿಲಿನ ಕೂಗೆಂದು ನೀವು ತಿಳಿದದ್ದು ಮನುಷ್ಯನ ಅಣಕು ದನಿಯೂ ಆಗಿರಬಹುದಲ್ಲ? ಒಮ್ಮೆ ತಪ್ಪಿದ ಊಹೆಯನ್ನು ಪ್ರಮಾಣ ಎನ್ನಲಾಗದು ಎಂಬುದು ಅವನ ಪಟ್ಟು. ಸಿದ್ಧಾಂತಿಯ ಉತ್ತರ ಹೊಳೆದಡದ ರೈತನ ಬಾಯಿಂದ ಬಂದಂತಿದೆ. ನೀರು ಏರಿತು ಎಂಬುದೊಂದರಿಂದಲೇ ನಾವು ಮಳೆಯನ್ನು ಊಹಿಸುವುದಿಲ್ಲ. ಸೆಳೆತ ಬಿರುಸಾಗಿರಬೇಕು, ನೊರೆ ಹೆಚ್ಚಿರಬೇಕು, ಹಣ್ಣು, ಎಲೆ, ಕಟ್ಟಿಗೆ ತೇಲಿ ಬರುತ್ತಿರಬೇಕು, ಇವೆಲ್ಲ ಕೂಡಿದಾಗಲೇ ಮೇಲೆ ಮಳೆಯಾಗಿದೆ ಎಂಬ ನಿಶ್ಚಯ. ತಪ್ಪಿದ್ದರೆ ಸರಿಯಾಗಿ ನೋಡದವನು ತಪ್ಪಿದ, ಅನುಮಾನ ತಪ್ಪಲಿಲ್ಲ. ಇಂದು ಜಗತ್ತಿನ ಯಾವುದೇ ಬೆಟ್ಟಸೀಮೆಯಲ್ಲಿ ಹಠಾತ್ ಪ್ರವಾಹದ ಬಗ್ಗೆ ಕಲಿಸುವವರು ಹೇಳುವ ಲಕ್ಷಣಗಳೂ ಇವೇ: ತಿಳಿನೀರು ಕದಡುವುದು, ನೊರೆ ಕಟ್ಟುವುದು, ತರಗೆಲೆ ಮತ್ತು ರೆಂಬೆ ತೇಲಿ ಬರುವುದು, ಹೊಳೆಯ ದನಿ ಬದಲಾಗುವುದು. ಎದುರುವಾದಿಯ ‘ಅಡ್ಡಗಟ್ಟು’ ಕೂಡ ಹುಸಿ ಆಕ್ಷೇಪವಲ್ಲ. ಮಳೆ ಹುಯ್ಯುತ್ತಿರುವಾಗಲೇ ಬೆಟ್ಟದ ತೊರೆಯೊಂದು ಇದ್ದಕ್ಕಿದ್ದಂತೆ ಸೊರಗಿತೆಂದರೆ, ಮೇಲೆ ಮಣ್ಣು ಮರ ಕುಸಿದು ನೀರು ಕಟ್ಟಿಕೊಂಡಿರಬಹುದು. ಆ ಕಟ್ಟು ಒಡೆದ ಗಳಿಗೆಯಲ್ಲಿ ಕೆಳಗಿದ್ದವರಿಗೆ ಕ್ಷಣಗಳಷ್ಟೇ ಉಳಿಯುತ್ತವೆ. ಇಳಿದ ನೀರನ್ನು ಕಂಡು ಸಮಾಧಾನಪಟ್ಟು ಕೆಳಗಿಳಿಯುವುದು ಅರ್ಧ ನೋಡಿದವನ ತಪ್ಪು.

ಬೆಟ್ಟದಲ್ಲಿಯೂ ಬಯಲಿನಲ್ಲಿಯೂ ಈ ಅಪಾಯದ ಅಳತೆ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಹುಣಸೂರಿಗೆ, ಸರಗೂರಿಗೆ ನೀರು ತಲುಪಲು ಗಂಟೆಗಳು ಹಿಡಿಯುತ್ತವೆ. ಇರ್ಪುವಿನ ಕಣಿವೆಯಂಥ ಕಡೆ ನಿಮಿಷಗಳು ಸಾಕು, ಏಕೆಂದರೆ ಕಡಿದಾದ ಇಳಿಜಾರಿನಲ್ಲಿ ನೆನೆದು ತಣಿದ ನೆಲ ಹೆಚ್ಚಿನ ಹನಿಯನ್ನು ಕುಡಿಯದೆ ತೊರೆಗೆ ನೂಕುತ್ತದೆ, ತೊರೆಗೆ ಹರಡಿಕೊಳ್ಳಲು ಬಯಲಿಲ್ಲ. ನಮ್ಮ ಈ ನಾಲ್ಕು ತಾಲ್ಲೂಕುಗಳ ಜನ ಎರಡು ಬಗೆಯ ಅಪಾಯಕ್ಕೂ ಒಡ್ಡಿಕೊಂಡವರು. ಹೊಳೆಯ ಕೆಳಗೆ ಮನೆ, ಹೊಲ. ಕಾಫಿ ತೋಟದ ಕೂಲಿಗೆ, ಇರ್ಪು ರಾಮೇಶ್ವರನ, ಭಾಗಮಂಡಲದ ದರ್ಶನಕ್ಕೆ ಮೇಲಿನ ಬೆಟ್ಟ. ಬೆಟ್ಟದಲ್ಲಿದ್ದವರು ತೊರೆಯ ಜಾಡು ಹಿಡಿದು ಕೆಳಗೆ ಓಡಬಾರದು. ಪಕ್ಕದ ಏರಿಗೆ ಹತ್ತಬೇಕು. ಹೊಳೆಯ ನಡುವಿನ ಬಂಡೆ ಎಷ್ಟೇ ದೊಡ್ಡದಿರಲಿ, ಅದು ದಡವಲ್ಲ. ಬಯಲಿನಲ್ಲಿ ಹೆಚ್ಚಾಗಿ ಜನ ಸಾಯುವುದು ಮುಳುಗಿದ ಸೇತುವೆ ದಾಟಲು ಹೋಗಿ. ಹರಿವ ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ಸೆಳೆತ ಗಟ್ಟಿಮುಟ್ಟಾದ ಆಳನ್ನು ಕೆಡವಬಲ್ಲದು, ಎರಡು ಅಡಿ ನೀರು ಕಾರನ್ನು ತೇಲಿಸಿ ಒಯ್ಯಬಲ್ಲದು. ನೀರಿನಡಿಯಲ್ಲಿ ಸೇತುವೆ ಇನ್ನೂ ಇದೆಯೋ ಕೊಚ್ಚಿಹೋಗಿದೆಯೋ ಎಂಬುದಂತೂ ಕಾಣುವುದೇ ಇಲ್ಲ. ಇಲ್ಲಿ ಸೇತುವೆ ಇದೆ ಎಂದು ನೆನಪು ಹೇಳುತ್ತದೆ. ನೆನಪನ್ನು ನಮ್ಮ ತಾರ್ಕಿಕರು ಪ್ರಮಾಣವೆಂದು ಒಪ್ಪಲಿಲ್ಲ ಎಂಬುದನ್ನು ದಾಟುವ ಮುನ್ನ ನೆನೆಯಬೇಕು.

ಅನುಮಾನಕ್ಕೂ ಒಂದು ಮಿತಿ ಇದೆ. ನೊರೆ, ಕಟ್ಟಿಗೆ ಕಣ್ಣಿಗೆ ಬೀಳುವ ಹೊತ್ತಿಗೆ ಹೊಳೆ ಆಗಲೇ ಬಂದಿರುತ್ತದೆ. ರಾತ್ರಿಯಾದರೆ ಅದೂ ಕಾಣದು. ೨೦೨೪ರ ಜುಲೈ ೩೦ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬೆಟ್ಟ ಇಳಿದದ್ದು ನಸುಕಿಗೂ ಮುಂಚೆ, ಜನ ನಿದ್ದೆಯಲ್ಲಿದ್ದಾಗ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ನೀರು ಪಡುವಣಕ್ಕೆ ಚಾಲಿಯಾರ್ ಹೊಳೆಗೆ ಹೋಯಿತು. ಮೂಡಣಕ್ಕೆ ಹರಿಯುವ ಕಪಿಲೆಯ ತೊರೆಗಳು ಅದೇ ಜಿಲ್ಲೆಯ ಮಳೆಯನ್ನೇ ಕುಡಿಯುತ್ತವೆ. ಇಂಥಲ್ಲಿ ಕೈ ಹಿಡಿಯುವುದು ನ್ಯಾಯದ ನಾಲ್ಕನೆಯ ಪ್ರಮಾಣ, ಶಬ್ದ: ಬಲ್ಲ ಇನ್ನೊಬ್ಬನ ಮಾತು. ಯಾರ ಮಾತು ಎಂಬುದಕ್ಕೆ ವಾತ್ಸ್ಯಾಯನ ಕೊಟ್ಟ ಉತ್ತರವನ್ನು ನಾವು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ವಿಷಯವನ್ನು ಸ್ವತಃ ಕಂಡುಕೊಂಡಿರಬೇಕು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆ ಇರಬೇಕು; ಅವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಬಿಡಿಸಿ ಹೇಳಿದ್ದಾನೆ. ಅಂದರೆ ಈ ಹೊಳೆಯ ವಿಷಯದಲ್ಲಿ ಕಟ್ಟೆಮಳಲವಾಡಿಯಲ್ಲಿ ಕೇಂದ್ರ ಜಲ ಆಯೋಗದ ಅಳತೆಗೋಲು ಓದುವ ನೌಕರ ಆಪ್ತ. ಕಾಡಂಚಿನ ಹಾಡಿಯಲ್ಲಿ ತೊರೆಯ ದನಿ ಬದಲಾದದ್ದನ್ನು ಗುರುತಿಸುವ ಜೇನುಕುರುಬ ಮುದುಕ ಆಪ್ತ. ಹಿನ್ನೀರಿನಲ್ಲಿ ಹರಿಗೋಲು ಹಾಕುವ ಬೆಸ್ತ ಆಪ್ತ. ಕುಲ, ಓದು, ಹುದ್ದೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಂಡಿದ್ದಾನೆಯೇ, ನಿಜ ಹೇಳುತ್ತಿದ್ದಾನೆಯೇ ಎಂಬೆರಡೇ ಪ್ರಶ್ನೆ.

ಶ್ರದ್ಧೆ ಎಂದರೆ ಗುರುವಿನ, ಶಾಸ್ತ್ರದ ಮಾತನ್ನು ನಿಜವೆಂದು ಬುದ್ಧಿಯಿಂದ ನಿಶ್ಚಯಿಸಿ ಹಿಡಿಯುವುದು ಎಂದು ವೇದಾಂತಿಗಳು ವಿವರಿಸುತ್ತಾರೆ. ಮಳೆಯ ವಿಷಯದಲ್ಲಿ ಗುರು ಯಾರು? ಮಳೆ ಅಳೆದವನು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತೆಂದರೆ ಸಾಮಾನ್ಯವಾಗಿ ೨೪ ಗಂಟೆಯಲ್ಲಿ ೨೦೪ ಮಿಲಿಮೀಟರ್ ಮೀರಿದ ಮಳೆಯ ನಿರೀಕ್ಷೆ ಇದೆ ಎಂದರ್ಥ. ಹುಣಸೂರಿನಂಥ ಊರಿನ ವರ್ಷದ ಮಳೆಯಲ್ಲಿ ಕಾಲು ಭಾಗ ಒಂದೇ ದಿನದಲ್ಲಿ ಬೆಟ್ಟದ ಮೇಲೆ ಸುರಿಯಿತೆಂದು ಎಣಿಸಿ ನೋಡಿ. ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಊರವರ ನೆರವಿನಿಂದಲೇ ಹಳ್ಳಿಹಳ್ಳಿಯಲ್ಲಿ ಮಳೆ ಅಳೆಸುತ್ತದೆ. ಮುಂಡಕ್ಕೈಯ ದುರಂತಕ್ಕೆ ಹಿಂದಿನ ದಿನವೇ ಅಪಾಯವನ್ನು ತಿಳಿಸಿದ್ದಾಗಿ ಅದು ಹೇಳಿದೆ. ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ, ‘ವರುಣಮಿತ್ರ’ ಎಂಬ ಸಹಾಯವಾಣಿ ನಡೆಸುತ್ತಿದೆ. ಶಬ್ದಪ್ರಮಾಣಕ್ಕೆ ಇಷ್ಟು ಸಾಧನಗಳು ಹಿಂದಿನ ಯಾವ ತಲೆಮಾರಿಗೂ ಸಿಕ್ಕಿರಲಿಲ್ಲ. ಹೊಳೆಯನ್ನು ದೇವಿಯೆಂದು ಪೂಜಿಸುವವನಿಗೆ ಆಕೆಯ ಬರವನ್ನು ಮುಂಚೆಯೇ ತಿಳಿಸುವ ಮಾತು ಹಗುರವಾಗಿ ಕೇಳಿಸುವುದು ನನಗೆ ಅರ್ಥವಾಗದ ಸಂಗತಿ.

ನಮ್ಮ ಆಚರಣೆಯೊಂದನ್ನೂ ಈ ಕಣ್ಣಿನಿಂದ ನೋಡಬೇಕಾಗಿದೆ. ಅಣೆಕಟ್ಟೆ ತುಂಬಿದ ವರ್ಷ ಕಾವೇರಿಗೂ ಕಪಿಲೆಗೂ ಬಾಗಿನ ಅರ್ಪಿಸುತ್ತೇವೆ. ತುಂಬಿದ ಮಡಿಲಿಗೆ ಮೊರದ ತುಂಬ ಮಂಗಳದ್ರವ್ಯ ಇಡುವ ಆ ಕೃತಜ್ಞತೆ ದೊಡ್ಡದು. ಕಾಲುವೆ ಕೆಳಗಿನ ಒಂದೊಂದು ಗದ್ದೆಗೂ ಅದರ ಅರ್ಥ ಗೊತ್ತು. ಆದರೆ ಜಲಾಶಯ ತುಂಬಿದ ದಿನವೇ ಅದು ಪ್ರವಾಹವನ್ನು ತಡೆಯುವ ಶಕ್ತಿಯನ್ನು ಕಳೆದುಕೊಂಡ ದಿನವೂ ಹೌದು. ೧೯೭೪ರಲ್ಲಿ ಬೀಚನಹಳ್ಳಿಯಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಒಟ್ಟು ಹಿಡಿತ ೧೯.೫೨ ಟಿಎಂಸಿ, ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ ೨,೨೮೪ ಅಡಿ. ಒಂದು ಲಕ್ಷ ಕ್ಯುಸೆಕ್‌ನಂತೆ ಒಂದು ದಿನ ನೀರು ಬಂದರೆ ೮.೬೪ ಟಿಎಂಸಿ ಆಗುತ್ತದೆ. ಬರಿದಾದ ಜಲಾಶಯವೂ ಎರಡೂವರೆ ದಿನದೊಳಗೆ ತುಂಬಿಹೋಗುತ್ತದೆ. ತುಂಬಿದ ಮೇಲೆ ವಯನಾಡಿನಲ್ಲಿ ಬಿದ್ದದ್ದೆಲ್ಲ ಗೇಟಿನ ಮೂಲಕ ಕೆಳಗೆ ಹೋಗಲೇಬೇಕು. ೨೦೧೯ರ ಆಗಸ್ಟ್‌ನಲ್ಲಿ ಒಂದು ಲಕ್ಷ ಕ್ಯುಸೆಕ್ ಮೀರಿ ಬಿಡಬೇಕಾಗಿ ಬಂದು, ನಂಜನಗೂಡಿನ ಹೆದ್ದಾರಿಯ ಮೇಲೂ ನೀರು ನಿಂತಿತ್ತು. ನ್ಯಾಯಸೂತ್ರದ ಎದುರುವಾದಿ ಹೇಳಿದ ಅಡ್ಡಗಟ್ಟಿಗೆ ಇವತ್ತಿನ ಹೆಸರು ಅಣೆಕಟ್ಟೆ. ಮಳೆಯಿಲ್ಲದೆಯೂ ಅಣೆಕಟ್ಟೆಯ ಕೆಳಗೆ ಹೊಳೆ ಒಮ್ಮೆಗೇ ಬರಬಹುದು. ಡಂಗುರ, ಆಟೋ ಮೈಕು, ಸೈರನ್ ಅದಕ್ಕಾಗಿಯೇ ಇವೆ. ಬಾಗಿನದ ಮಂತ್ರದ ಜೊತೆಗೆ ಆ ದಿನ ಹೊಳೆದಂಡೆಯ ಊರುಗಳಲ್ಲಿ ಎತ್ತರದ ಜಾಗ ಯಾವುದು, ಮುದುಕರನ್ನು ಯಾರು ಎತ್ತಿಕೊಳ್ಳಬೇಕು, ದನ ಬಿಚ್ಚುವವರು ಯಾರು ಎಂಬುದನ್ನೂ ಗೊತ್ತು ಮಾಡಿದರೆ ಪೂಜೆ ಪೂರ್ತಿಯಾಗುತ್ತದೆ ಎಂದು ನನ್ನ ಭಾವನೆ.

ಇಷ್ಟಕ್ಕೆ ಮೊದಲ ಆಕ್ಷೇಪ ಹಣೆಬರಹದ್ದು. ಆಯಸ್ಸು ಮುಗಿದವನನ್ನು ಬೆಟ್ಟದ ತುದಿಯಲ್ಲಿಟ್ಟರೂ ಸಾವು ಬಿಡದು, ಮುಗಿಯದವನನ್ನು ನಡುನೀರಿನಲ್ಲಿಟ್ಟರೂ ಮುಟ್ಟದು ಎಂಬ ಮಾತು ಹಳ್ಳಿಯಲ್ಲಿ ಸೋಮಾರಿತನದಿಂದ ಬಂದದ್ದಲ್ಲ. ಕೈಮೀರಿದ ದುಃಖವನ್ನು ಹೊರಲು ಜನ ಕಂಡುಕೊಂಡ ಊರುಗೋಲು ಅದು, ಸತ್ತವರ ಮನೆಯಲ್ಲಿ ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯ. ಆದರೆ ನಡೆದುಹೋದದ್ದನ್ನು ಸಹಿಸಲು ಇರುವ ಮಾತನ್ನು ನಡೆಯಲಿರುವುದಕ್ಕೆ ಹೊಂದಿಸುವುದು ತಪ್ಪು. ಮಹಾಭಾರತದ ಅನುಶಾಸನ ಪರ್ವದಲ್ಲಿ ಪುರುಷಕಾರವನ್ನು, ಅಂದರೆ ಮನುಷ್ಯಪ್ರಯತ್ನವನ್ನು, ಹೊಲಕ್ಕೂ ದೈವವನ್ನು ಬೀಜಕ್ಕೂ ಹೋಲಿಸಲಾಗಿದೆ; ಎರಡು ಕೂಡದೆ ಬೆಳೆ ಇಲ್ಲ. ಯೋಗವಾಸಿಷ್ಠದ ಮುಮುಕ್ಷು ಪ್ರಕರಣವಂತೂ ದೈವವೆಂದು ಕೈಕಟ್ಟಿ ಕೂರುವವರನ್ನು ಕಟುವಾಗಿ ಖಂಡಿಸುತ್ತದೆ. ಹಣೆಬರಹ ನಂಬುವ ಪಿರಿಯಾಪಟ್ಟಣದ ರೈತ ಸಸಿಮಡಿ ಮಾಡುವುದನ್ನು ಬಿಡುವುದಿಲ್ಲ, ಬೆಳೆ ಹಣೆಯಲ್ಲಿದ್ದರೆ ತಾನೇ ಬರುತ್ತದೆ ಎನ್ನುವುದಿಲ್ಲ. ಬೆಳೆಗೆ ಸಲ್ಲದ ಉದಾಸೀನ ಜೀವಕ್ಕೆ ಹೇಗೆ ಸಲ್ಲುತ್ತದೆ? ಆಯಸ್ಸು ಬರೆದಿದ್ದರೆ ಅದರ ಪಕ್ಕದಲ್ಲೇ ಆ ರಾತ್ರಿ ಬಾಗಿಲು ತಟ್ಟಿದ ನೆರೆಯವನ ಹೆಸರನ್ನೂ ಬರೆದಿರಬಹುದು.

ಎರಡನೆಯದು ಕರ್ಮದ ಮಾತು, ಇದು ಹೆಚ್ಚು ಅಪಾಯಕಾರಿ. ಪಾಪ ಹೆಚ್ಚಿದ್ದರಿಂದ ಬೆಟ್ಟ ಕುಸಿಯಿತು, ಹೊಳೆ ನುಗ್ಗಿತು ಎಂಬುದು ೨೦೧೮ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆಯ ಗುಡ್ಡಗಳು ಜಾರಿದಾಗಲೂ ಕೇಳಿಬಂತು. ೨೦೨೦ರ ಆಗಸ್ಟ್ ೬ರ ನಸುಕಿನಲ್ಲಿ ಕುಸಿದದ್ದು ತಲಕಾವೇರಿಯ ಬೆಟ್ಟ. ಅದರಡಿಯಲ್ಲಿ ಸಿಕ್ಕಿದ ಐವರಲ್ಲಿ ದಿನವೂ ಕಾವೇರಮ್ಮನ ಪೂಜೆ ಮಾಡುತ್ತಿದ್ದ ಪ್ರಧಾನ ಅರ್ಚಕರೂ ಇದ್ದರು. ಪಾಪದ ಲೆಕ್ಕ ಹೇಳುವವರು ಈ ಮನೆಯ ಮುಂದೆ ನಿಂತು ಏನು ಹೇಳುತ್ತಾರೆ? ನೀರು ಇಳಿಜಾರನ್ನು ನೋಡುತ್ತದೆ, ಮಣ್ಣಿನ ಬಿಗಿಯನ್ನು ನೋಡುತ್ತದೆ. ಹಣೆಯ ವಿಭೂತಿಯನ್ನು ನೋಡುವುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ೧೯೬೦ರ ದಶಕದಿಂದ ಟಿಬೆಟನ್ ಬೌದ್ಧರು ನೆಲೆಸಿದ್ದಾರೆ. ಅವರ ಮೂಲಗುರು ಕರ್ಮದ ಬಗ್ಗೆ ಹೇಳಿದ ಒಂದು ಮಾತು ಪಾಳಿಯ ಸಂಯುತ್ತ ನಿಕಾಯದಲ್ಲಿ ಉಳಿದಿದೆ. ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದ್ದೇ ಎಂಬುವವರ ಮಾತು ನಿಜವೇ ಎಂದು ಸೀವಕ ಎಂಬ ಪರಿವ್ರಾಜಕ ಕೇಳಿದಾಗ, ಬುದ್ಧ ಒಪ್ಪುವುದಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಋತುವಿನ ಬದಲಾವಣೆಯಿಂದ, ಅಜಾಗರೂಕತೆಯಿಂದಲೂ ನೋವು ಹುಟ್ಟುತ್ತದೆ. ಕರ್ಮವಿಪಾಕ ಎಂಟು ಕಾರಣಗಳಲ್ಲಿ ಒಂದು ಮಾತ್ರ. ಋತುವಿನದನ್ನು ಋತುವಿಗೆ, ಅಜಾಗರೂಕತೆಯದನ್ನು ಅಜಾಗರೂಕತೆಗೆ ಬಿಟ್ಟುಕೊಡುವ ಪ್ರಾಮಾಣಿಕತೆ ಇದು. ಕರ್ಮಸಿದ್ಧಾಂತವನ್ನು ಒಪ್ಪುವವರಿಗೆ ನಾನು ಕೇಳುವುದು ಇಷ್ಟೇ: ಇಳಿಜಾರಿನ ಮರ ಕಡಿದು, ತೊರೆಯ ದಾರಿಯಲ್ಲಿ ರೆಸಾರ್ಟ್ ಕಟ್ಟಿ, ಗುಡ್ಡದ ಬುಡ ಕೊರೆದು ರಸ್ತೆ ಮಾಡಿದ್ದೂ ಕರ್ಮವೇ ಅಲ್ಲವೇ? ಅದರ ಫಲ ಮಾಡಿದವನಿಗೆ ಬರದೆ ಕೆಳಗೆ ಮಲಗಿದ್ದ ಕೂಲಿಯವನಿಗೆ ಬರುತ್ತದೆ ಎಂಬುದು ಸಿದ್ಧಾಂತದ ನ್ಯಾಯಕ್ಕೇ ವಿರುದ್ಧ.

ಮೂರನೆಯ ಆಕ್ಷೇಪ ಭಕ್ತರದು, ಅದು ಮೃದುವಾದದ್ದು: ಹೊಳೆ ತಾಯಿ, ತಾಯಿಗೆ ಹೆದರಿ ಓಡುವುದೇ? ಇದಕ್ಕೆ ಉತ್ತರ ಕನ್ನಡದಲ್ಲೇ ಇದೆ. ನಾವು ‘ಭಯಭಕ್ತಿ’ ಎನ್ನುತ್ತೇವೆ, ಒಂದೇ ಉಸಿರಿನಲ್ಲಿ. ದೇವರೆದುರಿಗೆ ಹೇಗಿರಬೇಕು ಎಂದು ಕೇಳಿದರೆ ಹಳ್ಳಿಯ ಯಾವ ಅಜ್ಜಿಯೂ ಬರೀ ಭಕ್ತಿ ಎನ್ನುವುದಿಲ್ಲ. ಬೆಟ್ಟದಪುರದ ಬೆಟ್ಟದ ಮೇಲೆ ಇರುವ ಶಿವನ ಹೆಸರು ಸಿಡಿಲು ಮಲ್ಲಿಕಾರ್ಜುನ. ಸಿಡಿಲು ಬಂದೆರಗುವ ಜಾಗವೆಂಬ ನಂಬಿಕೆಯನ್ನು ದೇವರ ಹೆಸರಿನಲ್ಲೇ ಇಟ್ಟು ಮುಂದಿನವರಿಗೆ ದಾಟಿಸಿದ್ದಾರೆ. ಅಪಾಯವನ್ನು ಮುಚ್ಚಿಟ್ಟು ದೇವರನ್ನು ಬರೀ ಸೌಮ್ಯವಾಗಿ ಚಿತ್ರಿಸುವ ಅಭ್ಯಾಸ ಹಿಂದಿನವರದಲ್ಲ. ಚುಂಚನಕಟ್ಟೆಯಲ್ಲಿ ಹೊರಗೆ ಕಾವೇರಿ ಎಷ್ಟೇ ಭೋರ್ಗರೆದರೂ ಕೋದಂಡರಾಮನ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸದು ಎಂಬುದು ಪ್ರಸಿದ್ಧವಾದ ಮಾತು. ಗರ್ಭಗುಡಿಯ ಆ ಮೌನ ಬೇಕು, ಮನುಷ್ಯ ಅಲ್ಲಿಗೆ ಹೋಗುವುದೇ ಅದಕ್ಕಾಗಿ. ಆದರೆ ಅದನ್ನೇ ಹೊತ್ತುಕೊಂಡು ಹೊರಗಿನ ಬಂಡೆಗಳ ಮೇಲೆ ಇಳಿಯಬಾರದು. ಅಲ್ಲಿ ಸದ್ದಿಗೆ ಕಿವಿಗೊಡಬೇಕು. ಫೋಟೊಕ್ಕಾಗಿ ಜಾರುಬಂಡೆಯ ತುದಿಗೆ ಹೋಗುವವರಲ್ಲಿ ಭಯವೂ ಇಲ್ಲ, ಭಕ್ತಿಯೂ ಇಲ್ಲ; ನಮ್ಮ ಕಾಲ ಕಳೆದುಕೊಂಡಿರುವುದು ಆ ಜೋಡಿಪದದ ಮೊದಲ ಅರ್ಧವನ್ನು.

ಕೊನೆಯ ಎರಡು ಆಕ್ಷೇಪಗಳು ಧರ್ಮಶಾಸ್ತ್ರದವಲ್ಲ, ಅನುಭವದವು. ಅದಕ್ಕೇ ಹೆಚ್ಚು ಗಟ್ಟಿ. ಎಚ್ಚರಿಕೆ ಎಷ್ಟೋ ಸಲ ಸುಳ್ಳಾಗುತ್ತದೆ. ಅಲರ್ಟ್ ಬಂತು, ಶಾಲೆಗೆ ರಜೆ ಕೊಟ್ಟರು, ಬಿಸಿಲು ಕಾಯಿತು. ಮುಂದಿನ ಸಲ ಯಾರು ನಂಬುತ್ತಾರೆ? ನ್ಯಾಯದ ಎದುರುವಾದಿಯ ಪ್ರಶ್ನೆಯೇ ಇದು, ಒಮ್ಮೆ ತಪ್ಪಿದ್ದು ಪ್ರಮಾಣವಲ್ಲ ಎಂಬುದು. ಅಂದಿನ ಉತ್ತರವೇ ಇಂದಿಗೂ ಉತ್ತರ: ಲಕ್ಷಣಗಳನ್ನು ಹೆಚ್ಚಿಸಿಕೊಳ್ಳಬೇಕು. ಜಿಲ್ಲೆಗೊಂದು ಬಣ್ಣದ ಎಚ್ಚರಿಕೆ ಸಾಲದು. ಬ್ರಹ್ಮಗಿರಿಯಲ್ಲಿ ಎಷ್ಟು ಮಿಲಿಮೀಟರ್ ಬಿದ್ದರೆ ಹನಗೋಡಿನಲ್ಲಿ ಎಷ್ಟು ಗಂಟೆಗೆ ಎಷ್ಟು ಅಡಿ ಏರುತ್ತದೆ ಎಂಬುದನ್ನು ಊರಿನ ಮಾತಿನಲ್ಲಿ, ಊರಿನ ಸೇತುವೆಯ ಕಂಬಕ್ಕೆ ಬಳಿದ ಗುರುತಿನಲ್ಲಿ ಹೇಳಬೇಕು. ಇನ್ನೊಂದು ಮಾತು, ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಎಚ್ಚರಿಕೆ ಸುಳ್ಳಾದರೆ ಒಂದು ರಾತ್ರಿಯ ನಿದ್ದೆ, ಒಂದು ದಿನದ ಕೂಲಿ ಹೋಗುತ್ತದೆ. ನಿಜವಾದ ಎಚ್ಚರಿಕೆಯನ್ನು ಸುಳ್ಳೆಂದರೆ ಮನೆಮಂದಿ ಹೋಗುತ್ತಾರೆ. ಏಕಾದಶಿಗೆ ಒಂದು ದಿನದ ಊಟ ಬಿಡುವ, ಹರಕೆಗೆ ಬೆಟ್ಟ ಹತ್ತುವ ಜನಕ್ಕೆ ಮಳೆಗಾಲದಲ್ಲಿ ನಾಲ್ಕು ರಾತ್ರಿ ವ್ಯರ್ಥವಾಗಿ ಎತ್ತರಕ್ಕೆ ಹೋಗಿ ಮಲಗುವುದನ್ನು ವ್ರತದಂತೆ ಹಿಡಿಯಲು ಆಗದೇ?

ಆದರೆ ಆ ಒಂದು ದಿನದ ಕೂಲಿಯೇ ಕೆಲವರಿಗೆ ಆ ದಿನದ ಅನ್ನ. ಹೊಳೆಯ ತೀರಾ ಅಂಚಿನಲ್ಲಿ ಮನೆ ಕಟ್ಟಿದವರು ಆಯ್ಕೆಯಿಂದ ಕಟ್ಟಿದವರಲ್ಲ. ಎತ್ತರದ ಜಾಗ ಅವರ ಕೈಗೆಟಕಲಿಲ್ಲ. ತೋಟದ ಲೈನ್ ಮನೆ ಗುಡ್ಡದ ಬುಡದಲ್ಲಿದ್ದರೆ ಅದನ್ನು ಅಲ್ಲಿ ಕಟ್ಟಿದವನು ಕೂಲಿಯವನಲ್ಲ. ಇವರಿಗೆ ‘ಶ್ರದ್ಧೆಯಿಂದ ಮೇಲೇಳಿ’ ಎಂದು ಉಪದೇಶಿಸುವುದು ಸುಲಭ, ಏಳಲು ಜಾಗ ಯಾರದು? ಈ ಆಕ್ಷೇಪಕ್ಕೆ ನನ್ನ ವಾದ ಬಗ್ಗುತ್ತದೆ, ಬಗ್ಗಿಯೇ ನಿಲ್ಲಬೇಕು. ಆಪ್ತನ ಲಕ್ಷಣದಲ್ಲಿ ಅರಿವಿನ ಜೊತೆಗೆ ತಿಳಿಸುವ ಇಚ್ಛೆಯನ್ನೂ ಸೇರಿಸಿದ್ದಾರೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ತಿಳಿದೂ ಹೇಳದವನು ಆಪ್ತನಲ್ಲ. ಹೇಳಿ ದಾರಿ ತೋರದವನು ಅರ್ಧ ಆಪ್ತ. ಬೆಟ್ಟದ ಮಳೆಯ ಲೆಕ್ಕ ಕೈಯಲ್ಲಿರುವವರು, ಎತ್ತರದ ಜಾಗ ಇರುವ ಮಠ, ಮಸೀದಿ, ಚರ್ಚು, ಶಾಲೆ, ತೋಟದ ಧಣಿ, ಇವರ ಬಾಗಿಲು ಆ ರಾತ್ರಿ ತೆರೆದಿರದಿದ್ದರೆ ಹೊಳೆದಂಡೆಯವನ ಶ್ರದ್ಧೆಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ದಾಸೋಹದ ನಾಡಿನಲ್ಲಿ ಒಂದು ಮಹಡಿಯ ಜಗಲಿ, ಒಂದು ಒಲೆ, ದನ ಕಟ್ಟಲು ಒಂದು ಅಂಗಳ ಹೊಂದಿಸುವುದು ಹೊಸ ಧರ್ಮವೇನಲ್ಲ.

ಎತ್ತರಕ್ಕೆ ಹೋದ ಊರೊಂದು ಈ ಸೀಮೆಯಲ್ಲೇ ಇದೆ. ಇಂದಿನ ಕೆ.ಆರ್. ನಗರಕ್ಕೆ ಮೊದಲು ಇದ್ದದ್ದು ಎಡತೊರೆ, ಕಾವೇರಿಯ ಮಗ್ಗುಲಲ್ಲೇ, ಹೆಸರಿನಲ್ಲೂ ತೊರೆಯನ್ನು ಇಟ್ಟುಕೊಂಡು. ಹೊಳೆಯ ಹಾವಳಿಗೆ ಬೇಸತ್ತ ಆ ಊರಿಗೆ ೧೯೨೫ರಿಂದ ೧೯೩೦ರ ನಡುವೆ ದಂಡೆಯಿಂದ ದೂರದಲ್ಲಿ ಹೊಸ ಪೇಟೆ ಕಟ್ಟಲಾಯಿತು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಕಾವೇರಿ ಕಂಡ ಅತಿ ದೊಡ್ಡ ನೆರೆಗಳಲ್ಲಿ ಒಂದು ೧೯೨೪ರದು. ಅದರ ನೆನಪು ಆಗ ಹಸಿಯಾಗಿತ್ತು. ಮನೆ, ಅಂಗಡಿ, ಕಚೇರಿ ಮೇಲಕ್ಕೆ ಹೋದವು. ಅರ್ಕೇಶ್ವರ ಮಾತ್ರ ಹಳೆ ಎಡತೊರೆಯಲ್ಲಿ ಹೊಳೆಯ ಪಕ್ಕದಲ್ಲೇ ಉಳಿದ. ಊರು ಬಿಟ್ಟು ಹೋಯಿತೆಂದು ಪೂಜೆ ನಿಲ್ಲಲಿಲ್ಲ, ದೇವರನ್ನು ಬಿಟ್ಟು ಹೋದರೆಂದು ಯಾರೂ ಆ ತಲೆಮಾರನ್ನು ದೂರಲಿಲ್ಲ. ಜನ ಈಗಲೂ ದರ್ಶನಕ್ಕೆ ಹೊಳೆಯ ಕಡೆಗೆ ಹೋಗುತ್ತಾರೆ, ಕೈಮುಗಿದು ತೀರ್ಥ ತೆಗೆದುಕೊಂಡು ತಮ್ಮ ಮನೆಗಳಿಗೆ ಹಿಂದಿರುಗುತ್ತಾರೆ.